ಅಜ್ಜ ಎಲ್ಲಿಂದ ಬಂದರು?

ಕೇಳುಗರಿಗೆ ನಮಸ್ಕಾರ.

ಅಜ್ಜನ ಮೂಲವನ್ನು ಹುಡುಕಲು ಹೊರಟವರು ಮೊದಲು ಅವರು ಹುಟ್ಟಿದ ದಿನಕ್ಕೇ ಕೈ ಹಾಕುತ್ತಾರೆ. ಹುಡುಕಾಟ ಶುರುವಾಗಬೇಕಾದದ್ದು ಅವರು ತೀರಿಕೊಂಡ ದಿನದಿಂದ. ಮರಣದ ದಾಖಲೆ ಕಾಲದಲ್ಲಿ ನಮಗೆ ಹತ್ತಿರದ್ದು, ಸಿಗುವ ಸಂಭವವೂ ಹೆಚ್ಚು. ಅದರಲ್ಲಿ ವಯಸ್ಸು, ವಿಳಾಸ, ಎಷ್ಟೋ ಸಲ ತಂದೆಯ ಹೆಸರೂ ಇರುತ್ತದೆ. ಅಲ್ಲಿಂದ ಮದುವೆಗೆ, ಮದುವೆಯಿಂದ ನೌಕರಿಗೆ, ನೌಕರಿಯಿಂದ ಶಾಲೆಗೆ ಹಿಂದಕ್ಕೆ ನಡೆಯಬೇಕು. ನಡುವಿನ ಒಂದು ತಲೆಮಾರನ್ನು ಊಹೆಯಿಂದ ದಾಟಿ, ಅದೇ ಹೆಸರಿನ ಯಾವುದೋ ಪ್ರಸಿದ್ಧ ಮನೆತನಕ್ಕೆ ಅಜ್ಜನನ್ನು ಜೋಡಿಸಿಬಿಟ್ಟರೆ, ಆಮೇಲೆ ಹುಡುಕಿದ್ದೆಲ್ಲ ಬೇರೆಯವರ ಮನೆಯ ಚರಿತ್ರೆಯಾಗುತ್ತದೆ.

ಕಾಗದಕ್ಕಿಂತ ಮೊದಲು ಮನೆಯ ಹಿರಿಯರ ಹತ್ತಿರ ಕುಳಿತುಕೊಳ್ಳಿ. ಅಜ್ಜ ಹುಟ್ಟಿದ ವರ್ಷ ಯಾವುದು ಎಂದು ಕೇಳಿದರೆ ಅವರು ತಡವರಿಸುತ್ತಾರೆ. ಅಜ್ಜನಿಗೆ ಯಾವ ಊರಿನಿಂದ ಪತ್ರ ಬರುತ್ತಿತ್ತು, ಮದುವೆಗೆ ದೂರದಿಂದ ಬಂದವರು ಯಾರು, ಯಾರ ಸಾವಿನ ಸುದ್ದಿ ಕೇಳಿ ಅವರು ಅತ್ತರು ಎಂದು ಕೇಳಿ ನೋಡಿ. ಇಸವಿಗಳು ಮರೆತುಹೋಗುತ್ತವೆ, ಮನುಷ್ಯರು ಮರೆತುಹೋಗುವುದಿಲ್ಲ. ಅಜ್ಜನ ಒಡಹುಟ್ಟಿದವರ ಮಕ್ಕಳನ್ನೂ ಮಾತನಾಡಿಸಿ. ನಮ್ಮ ಮನೆಯಲ್ಲಿ ಯಾರೂ ಹೇಳದೆ ಬಿಟ್ಟ ಸಂಗತಿ ಅವರ ಮನೆಯಲ್ಲಿ ದಿನನಿತ್ಯದ ಮಾತಾಗಿರಬಹುದು.

ಇನ್ನು ಹೆಸರು. ದಾಖಲೆಗಳಲ್ಲಿ ಅತ್ಯಂತ ಅಸ್ಥಿರವಾದದ್ದು ಹೆಸರೇ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ. ಓದುಬರಹ ತಿಳಿಯದ ಅಜ್ಜ ಹೆಬ್ಬೆಟ್ಟು ಒತ್ತಿದರು. ಅಮೆರಿಕದಲ್ಲಿ ಒಂದೇ ಉಚ್ಚಾರಣೆಯ, ಬೇರೆ ಬೇರೆ ಕಾಗುಣಿತದ ಹೆಸರುಗಳನ್ನು ಒಟ್ಟಿಗೆ ಹುಡುಕಲೆಂದೇ ಸೌಂಡೆಕ್ಸ್ ಎಂಬ ಸಂಕೇತ ಪದ್ಧತಿಗೆ 1918ರಲ್ಲಿ ಪೇಟೆಂಟ್ ಪಡೆಯಲಾಯಿತು ಎಂದರೆ ಈ ತೊಡಕು ಎಷ್ಟು ಹಳೆಯದೆಂದು ತಿಳಿಯುತ್ತದೆ. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ವಲಸಿಗರ ಹೆಸರು ಬದಲಿಸಿಬಿಟ್ಟರು ಎಂಬ ಕಥೆ ಅಲ್ಲಿನ ಲೆಕ್ಕವಿಲ್ಲದಷ್ಟು ಮನೆಗಳಲ್ಲಿದೆ. 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಆ ದ್ವೀಪದ ಮೂಲಕ ಹಾದುಹೋದರು. ಆದರೆ ಪ್ರಯಾಣಿಕರ ಪಟ್ಟಿ ತಯಾರಿಸುತ್ತಿದ್ದದ್ದು ಹಡಗಿನ ಕಂಪನಿಯವರು. ದ್ವೀಪದ ಅಧಿಕಾರಿಗಳು ಆ ಪಟ್ಟಿಯನ್ನು ಇಟ್ಟುಕೊಂಡು ತಾಳೆ ನೋಡುತ್ತಿದ್ದರು. ಹೊಸ ನಾಡಿನಲ್ಲಿ ನೆಲೆ ನಿಂತ ಮೇಲೆ ಹೆಸರನ್ನು ಬದಲಿಸಿಕೊಂಡವರು ಬಹುಪಾಲು ವಲಸಿಗರೇ. ಮನೆಯ ಕಥೆಯನ್ನು ಗೌರವದಿಂದ ಬರೆದಿಟ್ಟುಕೊಳ್ಳಿ, ಆದರೆ ದಾಖಲೆಯ ಎದುರು ಅದನ್ನು ನಿಲ್ಲಿಸಿ ನೋಡಿ.

ಆದ್ದರಿಂದ ನನ್ನ ಮಾತು ಇಷ್ಟು: ಹೆಸರಿನ ಬೆನ್ನು ಹತ್ತಬೇಡಿ, ಊರಿನ ಬೆನ್ನು ಹತ್ತಿ. ಹುಟ್ಟು, ಮದುವೆ, ಜಮೀನು ಎಲ್ಲವೂ ಊರಿನ ಲೆಕ್ಕದಲ್ಲೇ ದಾಖಲಾಗುತ್ತವೆ. ಊರಿನ ಹೆಸರೂ ಸದಾ ಒಂದೇ ಇರುವುದಿಲ್ಲ ನಿಜ. ಇಂದು ಉಕ್ರೇನಿನಲ್ಲಿರುವ ಲ್ವಿವ್ ಆಸ್ಟ್ರಿಯಾದ ಆಳ್ವಿಕೆಯಲ್ಲಿ ಲೆಂಬರ್ಗ್ ಆಗಿತ್ತು, ಪೋಲೆಂಡಿನ ಕಾಲದಲ್ಲಿ ಲ್ವೂಫ್, ಸೋವಿಯತ್ ಕಾಲದಲ್ಲಿ ಲ್ವೋವ್. 1910ರಲ್ಲಿ ಅಲ್ಲಿ ಹುಟ್ಟಿದವರು ಮನೆ ಬಿಟ್ಟು ಕದಲದೆಯೇ ಹಲವು ಸರ್ಕಾರಗಳ ಪ್ರಜೆಗಳಾದರು. ಇಂಥಲ್ಲಿ ಅಜ್ಜ ಹುಟ್ಟಿದ ವರ್ಷ ಆ ನೆಲವನ್ನು ಯಾರು ಆಳುತ್ತಿದ್ದರು ಎಂಬುದನ್ನು ಮೊದಲು ತಿಳಿಯಬೇಕು. ಕಾಗದ ಯಾವ ಭಾಷೆಯಲ್ಲಿದೆ, ಯಾವ ಪತ್ರಾಗಾರದಲ್ಲಿದೆ ಎಂಬುದಕ್ಕೆ ದಾರಿ ಅಲ್ಲಿಂದಲೇ ಸಿಗುತ್ತದೆ.

ಊರನ್ನು ಅಕ್ಷರಶಃ ಹಿಡಿದುಕೊಡುವ ದಾಖಲೆಗಳೂ ಇವೆ. ಕರಾರಿನ ಕೂಲಿಗಳಾಗಿ ಭಾರತದಿಂದ ಸಮುದ್ರ ದಾಟಿದವರ ವಲಸೆ ರಹದಾರಿಗಳನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಭಾರವಾಗುತ್ತದೆ. 1834ರಿಂದ ಆಚೆಗೆ ಮಾರಿಷಸ್ ಒಂದಕ್ಕೇ ಸುಮಾರು 5 ಲಕ್ಷ ಜನ ಬಂದಿಳಿದರು. ಫಿಜಿಗೆ 1879ರಿಂದ 1916ರವರೆಗೆ 60,000ಕ್ಕೂ ಹೆಚ್ಚು ಜನ. ಫಿಜಿಗೆ ಹೋದವರ ರಹದಾರಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು ಎಲ್ಲವನ್ನೂ ನಮೂದಿಸಲಾಗಿದೆ. ಹಣೆಯ ಮೇಲಿನ ಗಾಯದ ಕಲೆ, ಮಚ್ಚೆ ಯಾವುದನ್ನೂ ಬಿಟ್ಟಿಲ್ಲ. ಅದನ್ನು ಬರೆಸಿದವರಿಗೆ ಆ ಮನುಷ್ಯನ ಮೇಲೆ ಮಮತೆಯೇನೂ ಇರಲಿಲ್ಲ, ಆಳಿನ ಗುರುತು ಬೇಕಾಗಿತ್ತು. ಅದೇ ನಿಷ್ಕರುಣೆಯ ಕಾಗದವೇ ಇಂದು ಮೊಮ್ಮಕ್ಕಳ ಮಕ್ಕಳಿಗೆ ಹಳ್ಳಿಯ ಹೆಸರು ಹೇಳುತ್ತಿದೆ. ಮಾರಿಷಸ್ಸಿನ ಮೋಕಾದಲ್ಲಿರುವ ಮಹಾತ್ಮಾ ಗಾಂಧಿ ಸಂಸ್ಥೆಯಲ್ಲಿ ಅಲ್ಲಿನ ವಲಸೆಯ ಕಡತಗಳನ್ನು ಕಾಪಾಡಿಡಲಾಗಿದೆ. ಕೆಲವರ ಭಾವಚಿತ್ರಗಳೂ ಅದರಲ್ಲಿವೆ.

ಕಡತಗಳೇ ಸುಟ್ಟುಹೋದವರ ಪಾಡು ಬೇರೆ. ಅಮೆರಿಕದ 1890ರ ಜನಗಣತಿಯ ಬಹುಭಾಗ 1921ರ ಬೆಂಕಿಗೆ ಸಿಕ್ಕಿ ನಷ್ಟವಾಯಿತು. ಮರುವರ್ಷ ಐರ್ಲೆಂಡಿನ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಉರಿದುಹೋಯಿತು. ಹಾಗಿದ್ದಾಗ ಅಜ್ಜನನ್ನು ಬಿಟ್ಟು ಅವರ ಸುತ್ತಲಿದ್ದವರನ್ನು ಹುಡುಕಬೇಕು. ತಮ್ಮನ ಸೇನಾ ದಾಖಲೆ, ಮದುವೆಗೆ ಸಾಕ್ಷಿ ಹಾಕಿದವನ ವಿಳಾಸ, ಹಡಗಿನ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿರುವ ಹೆಸರು, ಯಾವುದೂ ಸಣ್ಣದಲ್ಲ. ಒಂದು ಊರಿನವರು ಒಟ್ಟಾಗಿ ಹೊರಡುವುದು, ಹೋದಲ್ಲಿ ಅಕ್ಕಪಕ್ಕ ನೆಲೆಸುವುದು ಎಲ್ಲ ದೇಶಗಳಲ್ಲೂ ಕಂಡದ್ದೇ.

ಈಗ ಡಿಎನ್‌ಎ ಪರೀಕ್ಷೆಯತ್ತ ಬಹಳ ಜನ ಹೋಗುತ್ತಿದ್ದಾರೆ. ಒಬ್ಬ ಅಜ್ಜನಿಂದ ನಮಗೆ ಬರುವುದು ಸರಾಸರಿ ಕಾಲು ಭಾಗ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಇಳಿಯುವುದರಿಂದ ಗಂಡು ಸಾಲನ್ನಷ್ಟೇ ತೋರಿಸುತ್ತದೆ. ತಾಯಿಯ ತಂದೆಯ ಸಾಲು ತಿಳಿಯಬೇಕಾದರೆ ಸೋದರಮಾವನೋ ಅವರ ಮಗನೋ ಪರೀಕ್ಷೆಗೆ ಒಪ್ಪಬೇಕು. ಫಲಿತಾಂಶದಲ್ಲಿ ಹಳ್ಳಿಯ ಹೆಸರು ಬರೆದಿರುವುದಿಲ್ಲ. ದೂರದ ನೆಂಟರೊಬ್ಬರು ಸಿಗಬಹುದು, ಅವರ ಬಳಿ ಆ ಹಳ್ಳಿಯ ಕಾಗದವಿರಬಹುದು.

ಅಜ್ಜನಿಗೆ ಇನ್ನೊಂದು ಸಂಸಾರವಿತ್ತೆಂದೋ, ಅವರು ದತ್ತು ಬಂದವರೆಂದೋ ತಿಳಿದುಬರುವುದೂ ಉಂಟು. ಅಂಥ ಸಂಗತಿಯನ್ನು ವಂಶವೃಕ್ಷದಲ್ಲಿ ಸೇರಿಸಿ ಹತ್ತು ಜನರಿಗೆ ಕಳುಹಿಸುವ ಮೊದಲು, ಆ ಕವಲಿನಲ್ಲಿ ಇಂದು ಬದುಕಿರುವವರನ್ನು ಹುಡುಕಿ, ನೇರವಾಗಿ ಮಾತನಾಡಿ, ಅವರ ಒಪ್ಪಿಗೆ ಪಡೆಯಿರಿ. ಅವರು ಬೇಡವೆಂದರೆ ಅವರ ಹೆಸರುಗಳನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲೇ ಉಳಿಸಿಕೊಳ್ಳಿ. ನಮಸ್ಕಾರ.