ಇರ್ವಿಂಗ್ ಹಾರ್ಪರ್ ಅವರ ಕೈಕೆಲಸ

ಎಲ್ಲರಿಗೂ ನಮಸ್ಕಾರ.

ಮೊದಲು ಈ ಗಡಿಯಾರ ನೋಡಿ. ಇದರಲ್ಲಿ ಅಂಕಿಗಳೇ ಇಲ್ಲ. ನಡುವಿನಿಂದ ಹನ್ನೆರಡು ಕಡ್ಡಿಗಳು ಹೊರಟಿವೆ, ಒಂದೊಂದರ ತುದಿಗೆ ಒಂದೊಂದು ಮರದ ಗುಂಡು. ಇದರ ನಕಲುಗಳನ್ನು ನಿಮ್ಮಲ್ಲಿ ಕೆಲವರು ಆನ್‌ಲೈನ್ ಅಂಗಡಿಗಳಲ್ಲಿ ನೋಡಿರಬಹುದು. ಜಗತ್ತು ಇದನ್ನು ಕರೆಯುವುದು ಅಮೆರಿಕದ ವಿನ್ಯಾಸಕಾರ ಜಾರ್ಜ್ ನೆಲ್ಸನ್ ಅವರ ಬಾಲ್ ಕ್ಲಾಕ್ ಎಂದು.

ನೆಲ್ಸನ್ ಇದರ ಬಗ್ಗೆ ಒಂದು ಕತೆ ಹೇಳುತ್ತಿದ್ದರು. ಒಂದು ರಾತ್ರಿ ಅವರು, ಶಿಲ್ಪಿ ಇಸಾಮು ನೊಗುಚಿ, ವಾಸ್ತುಶಿಲ್ಪಿ ಬಕ್‌ಮಿನ್‌ಸ್ಟರ್ ಫುಲ್ಲರ್ ಮತ್ತು ತಮ್ಮ ವಿನ್ಯಾಸದ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಇರ್ವಿಂಗ್ ಹಾರ್ಪರ್ ಕುಡಿಯುತ್ತ ಕೂತು ಹಾಳೆಯ ಮೇಲೆ ಗೀಚಿದರಂತೆ. ಬೆಳಿಗ್ಗೆ ನೋಡಿದರೆ ಅದರಲ್ಲಿ ಈ ಗಡಿಯಾರ. ಬರೆದವರು ಯಾರೋ ಗೊತ್ತಾಗಲಿಲ್ಲವಂತೆ. ಕತೆ ಚೆನ್ನಾಗಿದೆ. ಆದರೆ ಆ ಆಫೀಸಿನ ಗಡಿಯಾರಗಳಲ್ಲಿ ಹೆಚ್ಚಿನವು ಹಾರ್ಪರ್ ಅವರ ಕೆಲಸ ಎಂದು ಇವತ್ತು ಎಲ್ಲರೂ ಒಪ್ಪುತ್ತಾರೆ.

ಹಾರ್ಪರ್ ಹುಟ್ಟಿದ್ದು 1916ರಲ್ಲಿ, ನ್ಯೂಯಾರ್ಕಿನಲ್ಲಿ. ನೆಲ್ಸನ್ ಅವರ ಆಫೀಸಿಗೆ ಬಂದದ್ದು 1947ರಲ್ಲಿ. ಆ ಆಫೀಸು ವಿನ್ಯಾಸ ಮಾಡಿಕೊಡುತ್ತಿದ್ದ ಹರ್ಮನ್ ಮಿಲ್ಲರ್ ಪೀಠೋಪಕರಣ ಕಂಪನಿಗೆ ಒಂದು ಜಾಹೀರಾತು ಬೇಕಿತ್ತು. ಫೋಟೋ ಹಾಕೋಣವೆಂದರೆ ಹೊಸ ಸಾಮಾನು ಇನ್ನೂ ತಯಾರಾಗಿರಲಿಲ್ಲ. ಹಾರ್ಪರ್ ಒಂದು ದೊಡ್ಡ 'ಎಂ' ಅಕ್ಷರ ಬಿಡಿಸಿ, ಅದರೊಳಗೆ ಮರದ ಗೆರೆಗಳನ್ನು ಮೂಡಿಸಿಬಿಟ್ಟರು. ಗ್ರಾಫಿಕ್ ಕೆಲಸದಲ್ಲಿ ಅವರಿಗೆ ಆಗ ಅನುಭವವೇ ಇರಲಿಲ್ಲ. ಆ 'ಎಂ' ಇವತ್ತಿಗೂ ಕಂಪನಿಯ ಗುರುತು.

ಈಗ ಸೋಫಾ. 1956ರ ಮಾರ್ಶ್‌ಮ್ಯಾಲೊ, ಅಂದರೆ ಒಂದು ಮೆತ್ತನೆಯ ಮಿಠಾಯಿಯ ಹೆಸರಿನದು. ಉಕ್ಕಿನ ಚೌಕಟ್ಟಿನ ಮೇಲೆ 18 ದುಂಡನೆಯ ಮೆತ್ತೆಗಳು. ನನಗಂತೂ ಇಡ್ಲಿ ತಟ್ಟೆ ನೆನಪಾಗುತ್ತದೆ. ಒಬ್ಬರು ಫೋಮ್ ಬಿಲ್ಲೆಗಳನ್ನು ತಂದು, ಇವನ್ನು ಅಗ್ಗವಾಗಿ ಅಚ್ಚಿನಲ್ಲಿ ತೆಗೆಯಬಹುದು ಎಂದಿದ್ದರು. ಹಾರ್ಪರ್ ಒಂದು ವಾರಾಂತ್ಯದಲ್ಲಿ ಸೋಫಾ ರೂಪಿಸಿದರು. ಅಚ್ಚಿನ ಮಾತು ಮಾತ್ರ ನಡೆಯಲಿಲ್ಲ. ಒಂದೊಂದು ಮೆತ್ತೆಗೂ ಕೈಯಿಂದಲೇ ಹೊದಿಕೆ ಹಾಕಬೇಕಾಯಿತು. ಅಗ್ಗದ ಸೋಫಾ ಆಗಬೇಕಿದ್ದದ್ದು ದುಬಾರಿಯಾಯಿತು. ಇದಕ್ಕೂ ಹೆಸರು ನೆಲ್ಸನ್ ಅವರದೇ.

ಎಲ್ಲ ಕೆಲಸಕ್ಕೂ ಯಜಮಾನರ ಹೆಸರು ಹಾಕುವುದು ಆಗಿನ ಪದ್ಧತಿ. ಹಾರ್ಪರ್ ಕೂಡ ನೆಲ್ಸನ್ ಬಗ್ಗೆ ಕೃತಜ್ಞತೆಯಿಂದಲೇ ಮಾತಾಡುತ್ತಿದ್ದರು. ಆದರೂ ನನಗೆ ಇದು ಸರಿ ಅನ್ನಿಸುವುದಿಲ್ಲ. ಪುಸ್ತಕಗಳಲ್ಲಿ ಹಾರ್ಪರ್ ಅವರ ಹೆಸರು ಹುಡುಕಿ ಹುಡುಕಿ ನನಗೆ ಬೇಜಾರಾಗಿದೆ.

ನಾನು ಜಾಸ್ತಿ ಹೇಳಬೇಕೆಂದಿರುವುದು ಮುಂದಿನದರ ಬಗ್ಗೆ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಕ್ರೈಸ್ಲರ್ ಕಾರು ಕಂಪನಿಯ ಮಂಟಪದ ಕೆಲಸ ಹಾರ್ಪರ್ ಅವರಿಗೆ ಬಂತು. ತುಂಬ ಒತ್ತಡ. ರಾತ್ರಿ ಮನೆಗೆ ಬಂದರೂ ತಲೆ ಸುಮ್ಮನಿರುತ್ತಿರಲಿಲ್ಲ. ಕೈಗೆ ಬೇರೆ ಏನಾದರೂ ಕೆಲಸ ಬೇಕಿತ್ತು. ಕಾಗದ, ಬ್ಲೇಡು, ಅಂಟು ತೆಗೆದುಕೊಂಡು ಕೂತರು. ಮುಖವಾಡಗಳಾದವು, ಹಕ್ಕಿಗಳಾದವು, ಪ್ರಾಣಿಗಳಾದವು. ಆಮೇಲೆ ಹಲ್ಲುಕಡ್ಡಿ, ಹುಲ್ಲುಕಡ್ಡಿ, ಪಾಸ್ತಾ, ಕೈಗೆ ಸಿಕ್ಕಿದ್ದೆಲ್ಲ ಸೇರಿಕೊಂಡಿತು. ಒತ್ತಡ ಮುಗಿದರೂ ಕೈ ನಿಲ್ಲಲಿಲ್ಲ. ಸುಮಾರು ನಲವತ್ತು ವರ್ಷ, ನೂರಾರು ಕೃತಿಗಳು. ಇವನ್ನು ಅವರು ಮಾರಲು ಒಪ್ಪಲಿಲ್ಲ. ಬೇಕಾಗಿದ್ದು ಮಾಡುವುದು, ಮಾಡಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು, ಅಷ್ಟೇ. ನ್ಯೂಯಾರ್ಕ್ ಬಳಿಯ ರೈ ಊರಿನ ಅವರ ಮನೆಯಲ್ಲಿ ಇನ್ನು ಜಾಗವೇ ಇಲ್ಲ ಎಂದಾದಾಗ ನಿಲ್ಲಿಸಿದರು.

2014ರಲ್ಲಿ ಅದೇ ಊರಿನ ಕಲಾಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು. ಹಾರ್ಪರ್ ಅವರಿಗೆ ಆಗ 98 ವರ್ಷ. ಮರುವರ್ಷ ತೀರಿಕೊಂಡರು.

ದೀಪ ಸ್ವಲ್ಪ ಕಡಿಮೆ ಮಾಡ್ತೀರಾ? ಆ ಮುಖವಾಡಗಳನ್ನು ಒಂದೊಂದಾಗಿ ತೋರಿಸುತ್ತೇನೆ. ಕಾಗದ ಮಡಿಸಿದ ಅಂಚುಗಳನ್ನು ಗಮನಿಸಿ.