ಶಾಲೆಯ ಶೌಚಾಲಯಕ್ಕೆ ಬೀಗ ಬೀಳುವುದು ಹೇಗೆ?

[ದೃಶ್ಯ: ಶಾಲಾ ಆವರಣದ ಹಿಂಬದಿಯಲ್ಲಿ ಬಣ್ಣ ಬಳಿದ ಶೌಚಾಲಯದ ಕಟ್ಟಡ ಕಾಣುತ್ತದೆ. ಬಾಗಿಲಿಗೆ ಬೀಗ ಹಾಕಲಾಗಿದೆ.]

ನಮಸ್ಕಾರ. ಇಂದು ಬಹುತೇಕ ಸರ್ಕಾರಿ ಶಾಲೆಗಳ ದಾಖಲೆಯಲ್ಲಿ ಶೌಚಾಲಯ ಇದೆ ಎಂದೇ ನಮೂದಾಗಿರುತ್ತದೆ. ಆದರೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಐದನೇ ತರಗತಿಯ ಒಬ್ಬ ಹುಡುಗಿ ಆ ಶೌಚಾಲಯಕ್ಕೆ ಹೋಗಿ, ಕೈ ತೊಳೆದುಕೊಂಡು, ತರಗತಿಗೆ ಮರಳಲು ಸಾಧ್ಯವೇ ಎಂಬುದನ್ನು ದಾಖಲೆ ನೋಡಿ ಹೇಳಲಾಗದು. ಕಟ್ಟಡ ಕಟ್ಟುವುದಕ್ಕೆ ನಾವು ತೋರಿದ ಉತ್ಸಾಹವನ್ನು ಅದನ್ನು ಪ್ರತಿದಿನ ನಡೆಸುವುದಕ್ಕೆ ತೋರಲಿಲ್ಲ ಎಂಬುದೇ ಈ ವಿಡಿಯೋದ ಮುಖ್ಯ ಮಾತು.

ಕಾನೂನಿನ ಕೊರತೆ ನಮಗಿಲ್ಲ. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಮತ್ತು ಶುದ್ಧ ಕುಡಿಯುವ ನೀರು ಇರಬೇಕೆಂದು ಹೇಳಿತು. 2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇವನ್ನು ಆರು ತಿಂಗಳೊಳಗೆ ಒದಗಿಸುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಿತು. 2014ರಲ್ಲಿ ಆರಂಭವಾದ ಸ್ವಚ್ಛ ವಿದ್ಯಾಲಯ ಅಭಿಯಾನದಡಿ ಒಂದೇ ವರ್ಷದಲ್ಲಿ ದೇಶದ 2.61 ಲಕ್ಷ ಶಾಲೆಗಳಲ್ಲಿ 4.17 ಲಕ್ಷ ಶೌಚಾಲಯಗಳು ಸಿದ್ಧವಾದವು ಎಂದು ಕೇಂದ್ರ ಸರ್ಕಾರ ಪ್ರಕಟಿಸಿತು.

[ದೃಶ್ಯ: ಪರದೆಯ ಮೇಲೆ ಮೂರು ಅಂಕಿಗಳು ಒಂದೊಂದಾಗಿ ಮೂಡುತ್ತವೆ: ಶೇ 72, ಶೇ 55, ಶೇ 75.]

ಇವುಗಳಲ್ಲಿ ಸುಮಾರು 1.4 ಲಕ್ಷ ಶೌಚಾಲಯಗಳನ್ನು ಕಟ್ಟಿಸಿದ್ದು ಕೇಂದ್ರದ ಸಾರ್ವಜನಿಕ ವಲಯದ ಉದ್ಯಮಗಳು. ಮಹಾಲೇಖಪಾಲರ ಸಂಸ್ಥೆ, ಅಂದರೆ ಸಿಎಜಿ, 15 ರಾಜ್ಯಗಳಲ್ಲಿ ಇಂಥ 2,695 ಶೌಚಾಲಯಗಳನ್ನು ಮಾದರಿಯಾಗಿ ಆರಿಸಿಕೊಂಡು ಪರಿಶೀಲಿಸಿತು, ಮತ್ತು ಅದರ ವರದಿ 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದಿತು. ಕಟ್ಟಿದ್ದ ಶೌಚಾಲಯಗಳ ಪೈಕಿ ಶೇ 72ರಲ್ಲಿ ಒಳಗೆ ನಲ್ಲಿ ನೀರಿರಲಿಲ್ಲ, ಶೇ 55ರಲ್ಲಿ ಕೈ ತೊಳೆಯುವ ವ್ಯವಸ್ಥೆಯಿರಲಿಲ್ಲ, ಶೇ 75ರಲ್ಲಿ ದಿನಕ್ಕೊಮ್ಮೆ ಸ್ವಚ್ಛಗೊಳಿಸುವ ನಿಯಮ ಪಾಲನೆಯಾಗುತ್ತಿರಲಿಲ್ಲ. ಇಟ್ಟಿಗೆ, ಸಿಮೆಂಟು, ಬಾಗಿಲು ಎಲ್ಲವೂ ಇದ್ದು, ನೀರು ಮತ್ತು ಪೊರಕೆ ಹಿಡಿಯುವ ಕೈ ಮಾತ್ರ ಇಲ್ಲದ ಸ್ಥಿತಿಯಿದು.

ಅಂಥ ಶೌಚಾಲಯ ಹಾಳಾಗುವ ಬಗೆಯನ್ನು ಹಂತಹಂತವಾಗಿ ನೋಡೋಣ.

[ದೃಶ್ಯ: ಶೌಚಾಲಯದ ಬೇಸಿನ್ ಮತ್ತು ಅದರ ಕೆಳಗಿನ ಬಾಗಿದ ಕೊಳವೆಯ ಅಡ್ಡಸೀಳು ಚಿತ್ರ.]

ಬೇಸಿನ್ನಿನ ಕೆಳಗೆ ಟ್ರ್ಯಾಪ್ ಎಂದು ಕರೆಯುವ ಬಾಗಿದ ಕೊಳವೆಯೊಂದು ಇರುತ್ತದೆ. ಅದರಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಮತ್ತು ಗುಂಡಿಯ ದುರ್ವಾಸನೆಯೂ ನೊಣವೂ ಮೇಲಕ್ಕೆ ಬರದಂತೆ ತಡೆಯುವುದು ಆ ನೀರೇ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಶಾಲೆ ಮುಚ್ಚಿದಾಗ, ಬಿಸಿಲಿಗೆ ಆ ನೀರು ಆರಿಹೋಗುತ್ತದೆ. ಶಾಲೆ ತೆರೆದ ಮೊದಲ ದಿನವೇ ಮಕ್ಕಳು ಮೂಗು ಮುಚ್ಚಿಕೊಂಡು ಹಿಂದಿರುಗಲು ಇದೂ ಒಂದು ಕಾರಣ. ಶಾಲೆ ಆರಂಭವಾಗುವ ಹಿಂದಿನ ದಿನ ಪ್ರತಿ ಬೇಸಿನ್ನಿಗೂ ಒಂದೊಂದು ಬಕೆಟ್ ನೀರು ಸುರಿದರೆ ಈ ತೊಂದರೆ ತಪ್ಪುತ್ತದೆ. ಇಷ್ಟು ಸುಲಭದ ಕೆಲಸವೂ ಯಾರ ಹೊಣೆಯೆಂದು ಬರೆದಿಡದೆ ಇರುವುದರಿಂದ ಉಳಿದುಹೋಗುತ್ತದೆ.

ಮುಂದಿನ ಹಂತ ನೀರಿನ ಅಭಾವ. ಕಡಿದಾದ ಇಳಿಜಾರಿನ ಗ್ರಾಮೀಣ ಮಾದರಿಯ ಬೇಸಿನ್ನಿಗೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕಾಗುತ್ತದೆ. ಆದರೆ ಅಷ್ಟನ್ನೂ ಮಗು ಅಂಗಳದ ಆಚೆಯ ನಲ್ಲಿಯಿಂದ ಹೊತ್ತು ತರಬೇಕಾದರೆ, ಅದು ತರುವುದಿಲ್ಲ. ಮೊದಲ ಮಗು ನೀರು ಹಾಕದೆ ಹೋಗುತ್ತದೆ, ಎರಡನೆಯದು ಬಾಗಿಲಿನಿಂದಲೇ ಹಿಂದಿರುಗುತ್ತದೆ, ವಾರದೊಳಗೆ ಶಿಕ್ಷಕರು ಬೇರೆ ದಾರಿ ಕಾಣದೆ ಬೀಗ ಹಾಕುತ್ತಾರೆ. ಗಂಡುಮಕ್ಕಳು ಕಾಂಪೌಂಡ್ ಗೋಡೆಯತ್ತ ಹೋಗುತ್ತಾರೆ. ಹೆಣ್ಣುಮಕ್ಕಳು ಬೆಳಗಿನಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಹೀಗೆ ನೀರು ಕುಡಿಯದೆ, ಮೂತ್ರ ತಡೆದುಕೊಂಡು ದಿನ ದೂಡುವುದು ಮೂತ್ರನಾಳದ ಸೋಂಕಿಗೆ ದಾರಿ ಮಾಡುತ್ತದೆ, ಮತ್ತು ಇದನ್ನು ಯಾವ ಮಗುವೂ ಮೇಷ್ಟ್ರ ಬಳಿ ಬಾಯಿಬಿಟ್ಟು ಹೇಳುವುದಿಲ್ಲ.

ಈಗ ಹಣದ ಲೆಕ್ಕಕ್ಕೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯಲ್ಲಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿಯವರೆಗೆ ಶಾಲಾ ಅನುದಾನವಿದೆ, ಅದರಲ್ಲಿ ಕನಿಷ್ಠ ಶೇ 10ನ್ನು ಸ್ವಚ್ಛತೆಗೆ ಬಳಸಬೇಕು. ಆ ಕನಿಷ್ಠ ಮೊತ್ತ 2,500 ರೂಪಾಯಿ. ಶಾಲೆ ನಡೆಯುವ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 250 ರೂಪಾಯಿ. ಫಿನಾಯಿಲ್, ಬ್ರಷ್, ಸಾಬೂನುಗಳಿಗೇ ಇದು ಮುಗಿದುಹೋಗುತ್ತದೆ. ಸ್ವಚ್ಛತಾ ಕೆಲಸದವರಿಗೆ ಕೊಡುವ ಸಂಬಳ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಪೊರಕೆ ಮಕ್ಕಳ ಕೈಗೆ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ತರಗತಿಯ ಕಸವನ್ನು ಶಿಕ್ಷಕರೂ ಮಕ್ಕಳೂ ಸೇರಿ ಗುಡಿಸುವುದರಲ್ಲಿ ತಪ್ಪಿಲ್ಲ ಎಂದು ನಾನು ಭಾವಿಸುತ್ತೇನೆ. ಆದರೆ ಶೌಚಾಲಯ ತೊಳೆಯುವ ಕೆಲಸಕ್ಕೆ ಮಕ್ಕಳನ್ನು ಕಳುಹಿಸಬಾರದು, ಏಕೆಂದರೆ ಅದು ಸೋಂಕಿನ ಅಪಾಯವಿರುವ ಕೆಲಸ. ಅಲ್ಲದೆ, ಯಾವ ಮಗುವನ್ನು ಕಳುಹಿಸಲಾಗುತ್ತದೆ ಎಂಬುದನ್ನು ನಮ್ಮ ಸಮಾಜದಲ್ಲಿ ಅನೇಕ ಬಾರಿ ಜಾತಿಯೇ ತೀರ್ಮಾನಿಸುತ್ತದೆ.

ಹಣಕ್ಕೆ ಒಂದು ದಾರಿ ಗ್ರಾಮ ಪಂಚಾಯಿತಿಯಲ್ಲಿದೆ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗವು ಪಂಚಾಯಿತಿ ಅನುದಾನದ ಶೇ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಿಟ್ಟಿತ್ತು. ಊರಿನ ನಾಲ್ಕೈದು ಶಾಲೆ, ಅಂಗನವಾಡಿಗಳಿಗೆ ಸೇರಿಸಿ ಒಬ್ಬರನ್ನು ನ್ಯಾಯವಾದ ಸಂಬಳ, ಕೈಗವಸು ಮತ್ತು ಬೂಟುಗಳೊಂದಿಗೆ ನೇಮಿಸಿಕೊಳ್ಳುವಂತೆ ಪಂಚಾಯಿತಿಯನ್ನು ಒತ್ತಾಯಿಸುವುದು, ಮತ್ತೊಂದು ಕೊಠಡಿ ಕಟ್ಟಿಸಿ ಎಂದು ಕೇಳುವುದಕ್ಕಿಂತ ಹೆಚ್ಚು ಉಪಯುಕ್ತ. ಹಾಗೆ ನೇಮಕವಾದವರಿಗೆ ಒಂದು ಎಚ್ಚರಿಕೆಯನ್ನು ಮೊದಲ ದಿನವೇ ತಿಳಿಸಬೇಕು: ಆಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಎಂದೂ ಒಟ್ಟಿಗೆ ಬಳಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬಂದು ಮುಚ್ಚಿದ ಕೋಣೆಯಲ್ಲಿ ಉಸಿರಿಗೇ ಕುತ್ತು ತರುತ್ತದೆ.

[ದೃಶ್ಯ: ಬಿಸಿಯೂಟಕ್ಕೆ ಮುನ್ನ ಮಕ್ಕಳು ಸಾಲಾಗಿ ನಿಂತು ಕೈ ತೊಳೆಯುತ್ತಿದ್ದಾರೆ.]

ಕೈ ತೊಳೆಯುವ ವಿಷಯದಲ್ಲಿ ಮಾತ್ರ ಖರ್ಚು ಬಹಳ ಕಡಿಮೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾದಾಗಿನಿಂದ ಮಕ್ಕಳೆಲ್ಲ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟಕ್ಕೆ ಕೂರುತ್ತಾರೆ, ಮತ್ತು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಎರಡು ಕಂಬಗಳ ನಡುವೆ ಒಂದು ಪಿವಿಸಿ ಪೈಪನ್ನು ಅಡ್ಡವಾಗಿ ಕಟ್ಟಿ, ಗೇಣು ಗೇಣಿಗೆ ಸಣ್ಣ ತೂತು ಕೊರೆದು, ಒಂದೇ ನಲ್ಲಿಯಿಂದ ನೀರು ಬಿಟ್ಟರೆ ಹತ್ತು ಹನ್ನೆರಡು ಮಕ್ಕಳು ಒಮ್ಮೆಗೇ ಕೈ ತೊಳೆಯಬಹುದು. ಸಾಬೂನಿನ ಬಿಲ್ಲೆ ಕಳೆದುಹೋಗುತ್ತದೆ ಎಂಬುದು ಶಿಕ್ಷಕರ ನಿಜವಾದ ಕಷ್ಟ. ಹಳೆಯ ನೀರಿನ ಬಾಟಲಿಯಲ್ಲಿ ಸ್ವಲ್ಪ ಬಟ್ಟೆ ಒಗೆಯುವ ಪುಡಿಯನ್ನು ನೀರಿಗೆ ಕಲಕಿ, ಮುಚ್ಚಳಕ್ಕೆ ತೂತು ಮಾಡಿ ಕಟ್ಟಿಟ್ಟರೆ ಆ ಕಷ್ಟವೂ ನೀಗುತ್ತದೆ. ಬೆರಳ ಸಂದು, ಉಗುರಿನ ಬುಡ ಸೇರಿದಂತೆ ಇಪ್ಪತ್ತು ಸೆಕೆಂಡಾದರೂ ಉಜ್ಜಬೇಕು.

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಅದು ಹೊಟ್ಟೆಯೊಳಗಿನ ಹುಳುವನ್ನು ಕೊಲ್ಲುತ್ತದೆ, ಆದರೆ ಬಯಲಿನ ಮಣ್ಣಿನಲ್ಲಿರುವ ಮೊಟ್ಟೆಗಳನ್ನು ಮುಟ್ಟುವುದಿಲ್ಲ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಮುಂದೆ ಕರುಳಿನಲ್ಲಿ ರಕ್ತ ಹೀರಿ ಮಗುವನ್ನು ರಕ್ತಹೀನತೆಗೆ ದೂಡುತ್ತದೆ. ಬೀಗ ಹಾಕಿದ ಶೌಚಾಲಯವಿರುವ ಶಾಲೆಯಲ್ಲಿ ಮಾತ್ರೆ ನುಂಗಿದ ಮಗು ಕೆಲವೇ ತಿಂಗಳಲ್ಲಿ ಮತ್ತೆ ಅದೇ ಹುಳುವನ್ನು ಹೊತ್ತುಕೊಳ್ಳಬಹುದು.

ಇನ್ನು ಮುಟ್ಟಿನ ದಿನಗಳ ವಿಷಯ. 2013–14ರಲ್ಲಿ ಆರಂಭವಾದ ರಾಜ್ಯದ ಶುಚಿ ಯೋಜನೆ ಹದಿಹರೆಯದ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಕೊಡುತ್ತಿತ್ತು, ನಡುವೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಆರಂಭವಾಯಿತು. ಆದರೆ ಪ್ಯಾಡ್ ಕೊಟ್ಟು, ಅದನ್ನು ಬದಲಿಸಲು ಒಳಗಿನಿಂದ ಚಿಲಕವಿರುವ ಬಾಗಿಲನ್ನೂ, ಮುಚ್ಚಳವಿರುವ ಕಸದ ಡಬ್ಬಿಯನ್ನೂ ಕೊಡದಿದ್ದರೆ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ಅಥವಾ ಬಳಸಿದ ಪ್ಯಾಡನ್ನು ಬೇಸಿನ್ನಿಗೇ ಹಾಕುತ್ತಾಳೆ ಮತ್ತು ಕೊಳವೆ ಕಟ್ಟಿಕೊಂಡು ಶೌಚಾಲಯಕ್ಕೆ ಮತ್ತೆ ಬೀಗ ಬೀಳುತ್ತದೆ.

ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ, ಮುಂದಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಮೂರು ವಿಷಯಗಳನ್ನು ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ: ಶೌಚಾಲಯದ ಕೀಲಿ ಯಾರ ಬಳಿ ಇದೆ, ಇವತ್ತು ಅದನ್ನು ತೊಳೆದವರು ಯಾರು, ಅವರ ಸಂಬಳ ಯಾವ ಖಾತೆಯಿಂದ ಹೋಗುತ್ತಿದೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಅದೇ ನಡಾವಳಿಯ ಪ್ರತಿಯನ್ನು ಅರ್ಜಿಯೊಂದಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ.