ಮುಲುಂಡಿನ ಹಳೇ ಫ್ಲ್ಯಾಟ್: ಮೊದಲು ಸ್ಲ್ಯಾಬ್ ನೋಡಿ, ಆಮೇಲೆ ಟೈಲ್ಸ್

ನಮಸ್ಕಾರ. ಬಾಡಿಗೆಗೆ ಕೊಡೋಕೆ ಅಂತ ಮುಂಬೈಯಲ್ಲಿ ಹಳೇ ಫ್ಲ್ಯಾಟ್ ಕೊಳ್ಳೋ ಮುಂಚೆ ಏನೇನು ನೋಡಬೇಕು ಅಂತ ಇವತ್ತು ತೋರಿಸ್ತೀನಿ. ಮುಲುಂಡ್ ಪೂರ್ವ, 1980ರ ದಶಕದ ಸೊಸೈಟಿ, ಲಿಫ್ಟ್ ಇಲ್ಲ. ಹಾಲ್, ಕಿಚನ್ ನಿಮಗೇ ಕಾಣ್ತಾ ಇದೆ. ಕ್ಯಾಮೆರಾ ಸ್ವಲ್ಪ ಮೇಲಕ್ಕೆ.

ಹೊಚ್ಚ ಹೊಸ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗ್. ಮಾರೋಕೆ ಹೊರಟ ಹಳೇ ಮನೆಗೆ ಇದು ಯಾಕೆ? ಅಂದಕ್ಕೇ ಇರಬಹುದು, ಅದರ ಮೇಲಿನ ಕಾಂಕ್ರೀಟ್ ಚಾವಣಿ, ಅಂದ್ರೆ ಸ್ಲ್ಯಾಬ್ ಮುಚ್ಚೋಕೂ ಇರಬಹುದು. ಒಂದು ಲೈಟ್ ಬಿಚ್ಚಿಸಿ, ಆ ತೂತಿನಿಂದ ಟಾರ್ಚ್ ಬಿಟ್ಟು ನೋಡಿ. ಮಾಲೀಕರು ಒಪ್ಪಲ್ಲ ಅಂದ್ರೆ ಮನೇನೇ ಬಿಡಿ. ಕಂದು ಕಲೆ, ಸರಳಿನ ಉದ್ದಕ್ಕೂ ಗೆರೆ ಎಳೆದ ಹಾಗೆ ಬಿರುಕು, ತಟ್ಟಿದ್ರೆ ಪೊಳ್ಳು ಸದ್ದು: ಇವು ಸಿಕ್ಕರೆ ಒಳಗೆ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕು ಹಿಡಿದ ಕಬ್ಬಿಣ ಹಿಗ್ಗುತ್ತೆ, ಕಾಂಕ್ರೀಟನ್ನ ಒಳಗಿಂದಲೇ ಸೀಳುತ್ತೆ. ಮೇಲೆ ಪ್ಲಾಸ್ಟರ್ ಮೆತ್ತಿದ್ರೆ ಅದು ನಿಲ್ಲಲ್ಲ. ಸಡಿಲ ಕಾಂಕ್ರೀಟ್ ಕೆತ್ತಿ, ಸರಳು ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಮಾರ್ಟರ್ ತುಂಬಬೇಕು. ಬಾತ್‌ರೂಮಲ್ಲಂತೂ ಖಂಡಿತ ನೋಡಿ. ನೀರು ಮೇಲಿನ ಮನೆಯಿಂದ ಇಳೀತಿದ್ರೆ ಒಡೆಯಬೇಕಾದ್ದು ಅವರ ನೆಲ. ಅವರು ಒಪ್ಪೋವರೆಗೂ ನಿಮ್ಮ ಬಾಡಿಗೆದಾರ ಬಕೆಟ್ ಇಟ್ಕೊಂಡು ಕೂರಬೇಕು.

ಸೊಸೈಟಿ ಆಫೀಸಿಗೆ ಬಂದ್ವಿ. ಸ್ಟ್ರಕ್ಚರಲ್ ಆಡಿಟ್ ರಿಪೋರ್ಟ್, ಅಂದ್ರೆ ಕಟ್ಟಡ ಎಷ್ಟು ಗಟ್ಟಿ ಅಂತ ಎಂಜಿನಿಯರ್ ಪರೀಕ್ಷಿಸಿ ಕೊಡೋ ವರದಿ, ಕೇಳಿ. 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ರೆ 3 ವರ್ಷಕ್ಕೊಮ್ಮೆ ಆಗಬೇಕು. ಸಾರಾಂಶದ ಒಂದು ಹಾಳೆ ಸಾಲದು, ಕೋರ್ ಟೆಸ್ಟ್ (ಕಾಂಕ್ರೀಟಿನ ಗಟ್ಟಿತನಕ್ಕೆ), ಹಾಫ್-ಸೆಲ್ ಟೆಸ್ಟ್ (ಸರಳಿನ ತುಕ್ಕಿಗೆ) ಫಲಿತಾಂಶ ಇರೋ ಪೂರ್ತಿ ರಿಪೋರ್ಟ್ ಬೇಕು. ಅದರಲ್ಲಿ ಕಟ್ಟಡದ ಸ್ಥಿತಿಗೆ ದರ್ಜೆ ಇರುತ್ತೆ. ಸಿ-1, ಅಂದ್ರೆ ತೀರಾ ಅಪಾಯಕಾರಿ, ಆದ್ರೆ ಕಟ್ಟಡ ಖಾಲಿ ಮಾಡಿಸ್ತಾರೆ. ಸಿ-2, ಅಂದ್ರೆ ದೊಡ್ಡ ರಿಪೇರಿ ಬೇಕಾದ್ದು, ಆದ್ರೆ ರಿಪೇರಿಗೆ ಎತ್ತೋ ಹಣ ಕೊಡೋರು ಮಾರೋರೋ ತಗೊಳ್ಳೋರೋ, ಅಗ್ರಿಮೆಂಟಲ್ಲೇ ಬರೆಸಿ.

ಮಾಟುಂಗಾದಲ್ಲೇ ಬೇಕು, ಅಲ್ಲಿನ ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್‌ಗೆ ನಡ್ಕೊಂಡು ಹೋಗೋ ಹಾಗಿರಬೇಕು ಅನ್ನೋರು ನಮ್ಮವರಲ್ಲಿ ಬಹಳ. ಆಸೆ ಚೆಂದ. ಆದ್ರೆ ಅಲ್ಲಿ ಅಗ್ಗಕ್ಕೆ ಸಿಗ್ತಿದೆ ಅಂದ್ರೆ ಪಗಡಿನಾ ಅಂತ ಮೊದಲು ಕೇಳಿ. ಪಗಡಿಯಲ್ಲಿ ನೀವು ಬಾಡಿಗೆದಾರರು, ಮಾಲೀಕರಲ್ಲ. ಸರಿ, ಸೆಕ್ರೆಟರಿ ಫೈಲ್ ತಂದ್ರು.

ಪ್ರಾಪರ್ಟಿ ಕಾರ್ಡಲ್ಲಿ, ಅಂದ್ರೆ ನೆಲದ ಸರ್ಕಾರಿ ದಾಖಲೆಯಲ್ಲಿ, ಯಾರ ಹೆಸರಿದೆ? ಬಿಲ್ಡರ್ ಹೆಸರೇ ಉಳಿದಿದ್ರೆ ಬಹುಶಃ ಕನ್ವೇಯನ್ಸ್ ಆಗಿಲ್ಲ, ಅಂದ್ರೆ ನೆಲ ಇನ್ನೂ ಸೊಸೈಟಿಗೆ ಬಂದಿಲ್ಲ. ಜಿಲ್ಲಾ ಉಪನಿಬಂಧಕರ ಹತ್ರ ಡೀಮ್ಡ್ ಕನ್ವೇಯನ್ಸ್ (ಬಿಲ್ಡರ್ ಮಾಡಿಕೊಡದಿದ್ರೂ ಆಗೋ ವರ್ಗಾವಣೆ) ಪಡೀಬಹುದು, ಅದಕ್ಕೆ ಸದಸ್ಯರೆಲ್ಲ ಓಡಾಡಬೇಕು. ರೀಡೆವಲಪ್‌ಮೆಂಟ್ (ಹಳೇ ಕಟ್ಟಡ ಕೆಡವಿ ಹೊಸದು ಕಟ್ಟೋದು) ನಂಬಿ ದುಡ್ಡು ಹಾಕೋರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬಿಲ್ಡರ್ ಮಾಡಿಕೊಟ್ಟ ಮೊದಲ ಅಗ್ರಿಮೆಂಟಿಂದ ಇವತ್ತಿನವರೆಗೆ ಒಂದೂ ಕೊಂಡಿ ತಪ್ಪದೆ ಕಾಗದ ಇರಬೇಕು, ಸೊಸೈಟಿ ಕೊಡೋ ಷೇರ್ ಸರ್ಟಿಫಿಕೇಟ್ ಹಿಂದೆ ಅದೇ ಹೆಸರುಗಳು ಏರಿರಬೇಕು. ಹಳೇ ಮಾಲೀಕರು ತೀರಿಕೊಂಡಿದ್ರೆ ನಾಮಿನಿಯ ಸಹಿಯೊಂದೇ ಸಾಲದು, ವಾರಸುದಾರರೆಲ್ಲ ಸಹಿ ಹಾಕಬೇಕು.

ಟ್ರಾನ್ಸ್‌ಫರ್ ಪ್ರೀಮಿಯಂ, ಅಂದ್ರೆ ಫ್ಲ್ಯಾಟ್ ನಿಮ್ಮ ಹೆಸರಿಗೆ ಮಾಡೋಕೆ ಸೊಸೈಟಿ ತಗೊಳ್ಳೋ ಹಣ, ಗರಿಷ್ಠ 25,000 ರೂಪಾಯಿ. ಅದರ ಮೇಲೆ 'ಡೊನೇಶನ್' ಅಂತ ಕೇಳಿದ್ರೆ ಲಿಖಿತವಾಗಿ ಕೇಳಿ ಅನ್ನಿ. ಬಾಡಿಗೆಗೆ ಕೊಟ್ರೆ ಮಾಲೀಕರು ತಾವೇ ವಾಸ ಇಲ್ಲದ್ದಕ್ಕೆ ಸೊಸೈಟಿ ಹಾಕೋ ನಾನ್-ಆಕ್ಯುಪೆನ್ಸಿ ಚಾರ್ಜ್, ಸರ್ವಿಸ್ ಚಾರ್ಜಿನ 10% ಮೀರೋ ಹಾಗಿಲ್ಲ.

ಲಿಫ್ಟಿಲ್ಲದ ಕಟ್ಟಡದಲ್ಲಿ ಕೊನೇ ಮಹಡಿ ಬೇಡವೇ ಬೇಡ. ಸೋರುತ್ತೆ, ಕಾಯುತ್ತೆ. ಆದ್ರೆ ತಡೀರಿ. ರೀಡೆವಲಪ್‌ಮೆಂಟಲ್ಲಿ ಹೊಸ ಜಾಗ ಕೊಡೋದು ಸಾಮಾನ್ಯವಾಗಿ ಹಳೇ ಕಾರ್ಪೆಟ್ ಏರಿಯಾ (ಗೋಡೆಗಳ ಒಳಗಿನ ಜಾಗ) ಲೆಕ್ಕದಲ್ಲಿ, ಮಹಡಿ ಲೆಕ್ಕದಲ್ಲಲ್ಲ. ಕೆಳಗಿನದಕ್ಕಿಂತ ಚೆನ್ನಾಗಿ ಕಮ್ಮಿಗೆ ಸಿಕ್ಕರೆ ತಗೊಳ್ಳಿ. ಟೇಪ್ ಹಿಡಿದು ಅಳೀರಿ, ಮಂಜೂರಾದ ನಕ್ಷೆ ಜೊತೆ ಹೋಲಿಸಿ, ಮುಚ್ಚಿದ ಬಾಲ್ಕನಿ ಲೆಕ್ಕಕ್ಕೆ ಸೇರದೇ ಹೋಗಬಹುದು.

ಟೆರೇಸ್ ಬೀಗ ತೆಗೆದ್ರು, ಬೇಗ ಬನ್ನಿ. ಅಗೋ, ಟ್ಯಾಂಕಿನ ಕೆಳಗೆ ತೇವ.